ಸಹಿ ಇಲ್ಲದ ಪತ್ರ

ನಮ್ಮ ಮೇಲಿನ ಮಹಡಿಯ ಅಕ್ಕೋರು ತೀರಿಕೊಂಡು ತಿಂಗಳಾಯಿತು. ಅವರ ಟಪಾಲು ಡಬ್ಬಿಯ ಕೀಲಿ ಇನ್ನೂ ನನ್ನ ಹತ್ತಿರವೇ ಇದೆ. ಈ ಬೆಳಿಗ್ಗೆ ತೆಗೆದರೆ ಒಂದು ಲಕೋಟೆ; ಒಳಗಿನ ಕಾಗದದ ಕೊನೆಗೆ ಆ ಹಳೆಯ ಸಾಲು: ಇದು ಯಂತ್ರ ತಯಾರಿಸಿದ ಪತ್ರ, ಸಹಿ ಇಲ್ಲದೆಯೂ ಸಿಂಧು. ಓದಿದ್ದೇ ತಡ, ಅವರ ಕೆಂಪು ಪೆನ್ನು ನೆನಪಾಯಿತು...

ಜರ್ಮನಿಯಲ್ಲಿ ಈ ಸಾಲಿಲ್ಲದ ಪತ್ರವೇ ಕಡಿಮೆ. ನಾವೆಲ್ಲ ಬಾಯಿ ಮುಚ್ಚಿಕೊಂಡು ಫೈಲಿಗೆ ಸೇರಿಸುತ್ತಿದ್ದೆವು. ಅಕ್ಕೋರು ಮಾತ್ರ ಅದರ ಕೆಳಗೆ 'ಬರೆದವರು ಯಾರು? ಹೆಸರು ತಿಳಿಸಿ' ಎಂದು ಜರ್ಮನ್ನಿನಲ್ಲಿ ಗೀಚಿ ವಾಪಸು ಕಳಿಸುತ್ತಿದ್ದರು. ಊರಿಗೆಲ್ಲ ಒಂದು ದಾರಿಯಾದರೆ ಇವರದೇ ಒಂದು ದಾರಿ ಎಂದು ನಾನು ಒಳಗೊಳಗೇ ನಗುತ್ತಿದ್ದೆ. ಧಾರವಾಡದವರು, ಅರ್ಥಶಾಸ್ತ್ರ ಕಲಿಸಿದವರು. ಆ ಕಡೆ ಟೀಚರಮ್ಮನನ್ನು ಕರೆಯುವಂತೆ, ನಾವಿರುವ ಈ ಬೊಬ್ಲಿಂಗೆನ್ ಊರಿನ ಕನ್ನಡಿಗರಿಗೆಲ್ಲ ಅವರು ಅಕ್ಕೋರೇ.

ಜರ್ಮನಿ ಆಗ ಕಂಪ್ಯೂಟರಿನವರಿಗೆ ಕೊಡುತ್ತಿದ್ದ ಗ್ರೀನ್ ಕಾರ್ಡ್ ಹಿಡಿದು ನಾನು ಮೈಸೂರಿನಿಂದ ಬಂದ ಹೊಸತು. ನಮ್ಮ ಕಂಪನಿಗೆ ಪೂರ್ವ ಯುರೋಪಿನ ಒಂದು ದೇಶದ ಬ್ಯಾಂಕಿನ ಕೆಲಸ ಸಿಕ್ಕಿತ್ತು. ಅಲ್ಲಿ ಸರ್ಕಾರಿ ಫ್ಲ್ಯಾಟುಗಳು ವಾಸವಿದ್ದವರ ಹೆಸರಿಗೆ ಆಗಿ ಹೆಚ್ಚು ದಿನವಾಗಿರಲಿಲ್ಲ. ಮನೆ ಅಡವಿಟ್ಟು ಸಾಲ ತೆಗೆಯುವುದು ಜನಕ್ಕೆ ಹೊಸ ಸಂಗತಿ. ಮೂರು ಕಂತು ತಪ್ಪಿದರೆ 'ಮನೆ ಖಾಲಿ ಮಾಡಿ' ಎಂಬ ಪತ್ರ ತಾನಾಗಿಯೇ ಹೋಗಬೇಕು, ಆ ಪ್ರೋಗ್ರಾಮು ನನ್ನ ಪಾಲಿಗೆ ಬಂದಿತ್ತು. ಚಹಾ ಕುಡಿಯುತ್ತ ಜಂಬದಿಂದಲೇ ಅಕ್ಕೋರಿಗೆ ಹೇಳಿದೆ. ಅವರು ಕಪ್ಪು ಕೆಳಗಿಟ್ಟರು.

ಅದೇ ದೇಶದ ಗೃಹಸಾಲದ ಕಾನೂನು ರೂಪಿಸುವ ಸಮಿತಿಯಲ್ಲಿ ಹೊರಗಿನ ತಜ್ಞರಾಗಿ ಅವರಿದ್ದರಂತೆ. ಸಾಲ ಬೇಡ ಅಂದವರಲ್ಲ ಅವರು. ಸಾಲವಿಲ್ಲದಿದ್ದರೆ ಮದುವೆಯಾದ ಮಕ್ಕಳು ಅಪ್ಪ ಅಮ್ಮನ ಎರಡು ಕೋಣೆಯಲ್ಲೇ ಮುದುಕರಾಗಬೇಕು ಎನ್ನುತ್ತಿದ್ದರು. ಆದರೆ ಮನೆಯವರ ಮಾತು ಕೇಳದೆ ಯಾರನ್ನೂ ಹೊರಹಾಕಬಾರದು ಎಂದು ಹಟ ಹಿಡಿದರು. ಹಾಗಾದರೆ ದುಡ್ಡು ಹಾಕುವವರೇ ಬರುವುದಿಲ್ಲ ಎಂದರು ಉಳಿದವರು. ಅಕ್ಕೋರು ವರದಿಗೆ ಸಹಿ ಹಾಕದೆ ಎದ್ದು ಬಂದರು. ಮತ್ತೆ ಯಾವ ಸಮಿತಿಯೂ ಅವರನ್ನು ಕರೆಯಲಿಲ್ಲ.

"ಮನಿ ಕಸಗೊಳ್ಳೋದ ಅದ ಅಂದ್ರ, ಕಸಗೊಳ್ಳಾಂವ ತನ್ನ ಹೆಸರ್ ಬರೀಲಿ, ತಮ್ಮಾ," ಅಂದರು.

ಮರುದಿನ ಪ್ರೋಗ್ರಾಮಿಗೆ ಒಂದು ಖಾನೆ ಸೇರಿಸಿದೆ. ಮನೆಯವರ ಮಾತು ಕೇಳಿದ ಅಧಿಕಾರಿ ಅದರಲ್ಲಿ ತನ್ನ ಹೆಸರು ತುಂಬದೆ ಪತ್ರ ಹೊರಡುವುದಿಲ್ಲ. ಮ್ಯಾನೇಜರ್ ತೆಗೆ ಅಂದ. ಕೆಲಸ ಹೋದರೆ ವೀಸಾನೂ ಹೋಗುತ್ತದೆ, ಹೆದರಿ ತೆಗೆದುಬಿಟ್ಟೆ. ಎಂಥ ನಾಚಿಕೆ ಅಂದರೆ, ಎರಡು ದಿನ ಮೆಟ್ಟಿಲಲ್ಲಿ ಅಕ್ಕೋರ ಕಣ್ಣು ತಪ್ಪಿಸಿ ಓಡಾಡಿದೆ. ಮೂರನೆಯ ದಿನ ಅವರೇ ಬಾಗಿಲು ತಟ್ಟಿದರು. ಎಲ್ಲ ಕೇಳಿದರು, ಬೈಯಲಿಲ್ಲ.

"ತಗದಿ, ಆತು. ನಾಳೆ ಮತ್ತ ಹಾಕು."

ಹಾಕಿದೆ. ಯಾರು ಹಾಕಿದ್ದು ಎಂದು ಮ್ಯಾನೇಜರ್ ಎಲ್ಲರೆದುರು ಕೇಳಿದಾಗ ನಾನೇ ಅಂದೆ. ಕೆಲಸ ಹೋಯಿತು. ಆ ಖಾನೆಯನ್ನೂ ಆಮೇಲೆ ಕಿತ್ತೇ ಇರುತ್ತಾರೆ, ಕೀಳಲಿ. ಹಾಕಿದ್ದಕ್ಕೆ ಇವತ್ತಿಗೂ ನನಗೆ ಪಶ್ಚಾತ್ತಾಪವಿಲ್ಲ. ವೀಸಾ ಕಚೇರಿಯಲ್ಲಿ ನಂಬರಿನ ಚೀಟಿ ಹಿಡಿದು ಪಕ್ಕದಲ್ಲಿ ಕೂತವರು ಅಕ್ಕೋರು. ಡಬ್ಬಿಯಲ್ಲಿ ಹಚ್ಚಿದ ಅವಲಕ್ಕಿ ತಂದಿದ್ದರು. ಗಡುವು ಮುಗಿಯುವುದರೊಳಗೆ ಬೇರೆ ಕೆಲಸ ಸಿಕ್ಕಿತು, ಪುಣ್ಯ.

ಈ ಬೆಳಗಿನ ಪತ್ರ ಮನೆ ಬಾಡಿಗೆಗೆ ಕೊಟ್ಟ ಕಂಪನಿಯದು, ಅಕ್ಕೋರ ಹೆಸರಿಗೇ ಇದೆ. ತಿಂಗಳ ಕೊನೆಯೊಳಗೆ ತಾವು ಮನೆ ಖಾಲಿ ಮಾಡತಕ್ಕದ್ದು ಎಂದಿದೆ. ಅವರು ಆಗಲೇ ಹೋದರೆಂದು ಆ ಯಂತ್ರಕ್ಕೆ ಯಾರೂ ಹೇಳಿಲ್ಲ. ಮೇಲೆ ಕುರ್ಚಿ ಎಳೆಯುವ ಸದ್ದೂ ಇಲ್ಲ ಈಗ...

ಕೆಂಪು ಪೆನ್ನು ಹುಡುಕಿದೆ. 'ಬರೆದವರು ಯಾರು? ಹೆಸರು ತಿಳಿಸಿ' ಎಂದು ಬರೆದು, ಕೆಳಗೆ ನನ್ನ ಪೂರ್ತಿ ಹೆಸರು ಬರೆದು ಸಹಿ ಹಾಕಿದೆ.