ಜೀಪು ಬಂದ ಬೆಳಗ್ಗೆ ಸೀದ ರೊಟ್ಟಿ

ಇವತ್ತು ಫೋನ್ ನೋಡುತ್ತ ನಿಂತು ಹಂಚಿನ ಮೇಲಿನ ರೊಟ್ಟಿ ಸೀಯಿಸಿಬಿಟ್ಟೆ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಬೆಳ್ಳಟ್ಟಿಯ ನಮ್ಮ ಹಳೆಯ ಅಡುಗೆಮನೆಯಲ್ಲಿದ್ದೆ.

ಗದಗ ಜಿಲ್ಲೆ ಆಗಿನ್ನೂ ಹೊಸದು. ಕಪ್ಪತಗುಡ್ಡದ ಮೇಲೆ ರಾತ್ರಿ ಏನೋ ಬೆಳಕುಗಳು ಓಡಾಡುತ್ತವೆ ಎಂದು ಊರೆಲ್ಲ ಗುಲ್ಲೆದ್ದಿತ್ತು. ನಮ್ಮ ಮನೆಯಲ್ಲಿ ಮಾತ್ರ ಯಾರಿಗೂ ಅದರ ಗೊಡವೆಯಿರಲಿಲ್ಲ. ಮಿಲಿಟರಿಯಲ್ಲಿದ್ದ ಕಾಕಾನಿಂದ ಕಾಗದ ಬರದೆ ಎರಡು ತಿಂಗಳಾಗಿತ್ತು.

ಒಂದು ಬೆಳಗ್ಗೆ ಆಯಿ, ಅಂದರೆ ಅಪ್ಪನ ತಾಯಿ, ರೊಟ್ಟಿ ಬಡಿಯುತ್ತಿದ್ದಳು. ಬಾಗಿಲಿಗೆ ಮಿಲಿಟರಿ ಜೀಪು ಬಂದು ನಿಂತಿತು. ಆಯಿಯ ಕೈಯೂ ನಿಂತಿತು. ಕಾಕಾನ ಹೆಂಡತಿ, ನಮ್ಮ ಕಾಕಿ, ಗೋಡೆ ಹಿಡಿದು ಕುಸಿದಳು. ಹಂಚಿನಿಂದ ಹೊಗೆಯೆದ್ದರೂ ಯಾರೂ ರೊಟ್ಟಿ ತಿರುವಿ ಹಾಕಲಿಲ್ಲ.

ಕನ್ನಡ ಬಲ್ಲ ಅಧಿಕಾರಿಯೊಬ್ಬರು ಒಳಗೆ ಬಂದು ನೋಟ್‌ಬುಕ್ ತೆರೆದರು.

"ಅವ್ವಾರ, ರಾತ್ರಿ ಮುಗಿಲಾಗ ಬೆಳಕು ಕಾಣತಾವಂತ. ತನಿಖಿ ಮಾಡಾಕ ಬಂದೇವಿ. ನೀವೇನರ ನೋಡೀರೇನು?"

"ನನ್ನ ಮಗಾ ಆರಾಮ ಅದಾನೇನ್ರಿ?"

"ಯಾವ ಮಗಾರೀ? ನಾವು ಬೆಳಕಿನ ಸಲುವಾಗಿ ಮನಿಮನಿಗೂ ಕೇಳಾಕತ್ತೇವಿ."

ಆಯಿ ಹಿಟ್ಟು ಮೆತ್ತಿದ ಕೈಯಿಂದಲೇ ಗೋಡೆಯ ಮೇಲಿದ್ದ ಕಾಕಾನ ಮಿಲಿಟರಿ ಉಡುಪಿನ ಫೋಟೊ ತೋರಿಸಿದಳು.

"ಬೆಳಕ ನೋಡಿಲ್ರಿ ಯಪ್ಪಾ. ನಿಮ್ಮ ಜೀಪ ನೋಡಿದೆ. ಅದಕ್ಕಿಂತ ಅಂಜಿಕಿ ಬರೂವಂಥಾದ್ದು ಮುಗಿಲಾಗ ಏನೈತ್ರಿ?"

ಅಧಿಕಾರಿ ಟೋಪಿ ತೆಗೆದರು. ಒಂದಕ್ಷರವೂ ಬರೆಯದೆ ನೋಟ್‌ಬುಕ್ ಮುಚ್ಚಿ ಹೋದರು.

ಕಾಕಾನ ಕಾಗದ ಮುಂದಿನ ವಾರ ಬಂತು, ವರ್ಷದ ಕೊನೆಗೆ ಕಾಕಾನೇ ಬಂದ. ಆದರೂ ಜೀಪಿನ ಸದ್ದು ಕೇಳಿದರೆ ಕಾಕಿ ಇಂದಿಗೂ ಗೋಡೆ ಹಿಡಿಯುತ್ತಾಳೆ.

ಇವತ್ತು ಫೋನಿನಲ್ಲಿ ನಾನು ನೋಡುತ್ತಿದ್ದದ್ದೂ ಯಾವುದೋ ಊರಿನ ಆಕಾಶದ ಬೆಳಕನ್ನೇ. ಸೇನೆಯವರು ವಿಚಾರಿಸಲು ಹೊರಟಿದ್ದಾರಂತೆ. ಮೊದಲು ಯಾರ ಬಾಗಿಲಿಗೆ ಹೋಗುತ್ತಾರೋ.