ಅಂಬಾರಾಯ ಕಾಕಾನ ಕೆಮ್ಮು

ಶಹಾಬಾದದಲ್ಲಿ ಪ್ರವಾಸದ ವಿಮೆ ಮಾಡಿಸಿಕೊಡುವ ಶಗುಫ್ತಾಳಿಗೆ ಅಂಬಾರಾಯ ಕಾಕಾನಂಥ ಗಿರಾಕಿ ಬಂದರೆ ತಲೆ ಚಿಟ್ಟು ಹಿಡಿಯುತ್ತದೆ. ನೇಪಾಳದ ಲುಂಬಿನಿಗೆ ಹೊರಟಿರುವ ಕಾಕಾ ಮೂರು ದಿನದಿಂದ ಬಂದು ಕೂತು, ಬ್ಯಾಗು ಕಳೆದರೆ ಏನು ಕೊಡ್ತಾರ, ವಿಮಾನ ತಡ ಆದರೆ ಏನು ಕೊಡ್ತಾರ, ಚಪ್ಪಲಿ ಕಳೆದರೆ ಏನು ಕೊಡ್ತಾರ ಎಂದು ಕೇಳುತ್ತಾನೆ. "ಹಳೇ ಬ್ಯಾನಿ ಏನರ ಅದ ಏನ್ರಿ?" ಎಂದರೆ ಮಾತ್ರ, "ಕಲ್ಲಿದ್ದಂಗ ಅದೀನವ್ವ" ಎಂದು ಎದೆ ತಟ್ಟಿಕೊಂಡು, ಮೇಜು ಅಲುಗಾಡುವಂತೆ ಕೆಮ್ಮುತ್ತಾನೆ. ಇದ್ದ ಬೇನೆಯನ್ನು ಅರ್ಜಿಯಲ್ಲಿ ಬರೆಸದಿದ್ದರೆ ಅಲ್ಲಿ ದವಾಖಾನಿ ಸೇರಿದಾಗ ಕಂಪನಿ ಕೈ ಎತ್ತುತ್ತದೆ ಎಂದು ಹೇಳಿ ಹೇಳಿ ಆಕೆಗೆ ಸಾಕಾಗಿದೆ. "ಈ ಕೆಮ್ಮು ಯಾವಾಗಿಂದ ಅದರಿ ಕಾಕಾ?" "ಫರಸಿ ಕಲ್ಲಿನ ಧೂಳಿನಾಗ ಪಾಲಿಶ್ ಮಾಡಾಕ ಹೋದಾಗಿಂದ. ನನ್ನ ಸಂಗಾಟ ದುಡದ ನಿಮ್ಮಪ್ಪನೂ ಕಣ್ಣು ಮುಚ್ಚೋತನಕ ಹಿಂಗೇ ಕೆಮ್ಮಿದ. ಯಾರರ ಅದಕ್ಕ ಬ್ಯಾನಿ ಅಂದ್ರೇನವ್ವ?"