ನಾಲ್ಕನೇ ಪ್ರತಿಯ ದ್ರಾಕ್ಷಾಯಿಣಿ

ಕೊಪ್ಪಳದ ಕೋರ್ಟಿನ ಆಸುಪಾಸು ಹನ್ನೊಂದು ಟೈಪಿಂಗ್ ಅಂಗಡಿಗಳಿವೆ. ಹತ್ತರಲ್ಲಿ ಟೈಪ್ ಮಾಡುವವರನ್ನು ನೋಡಿದರೆ ನನಗೆ ಊಟ ಸೇರುವುದಿಲ್ಲ. ಎರಡೇ ಬೆರಳು, ಕಣ್ಣು ಸದಾ ಕೀಲಿಯ ಮೇಲೆ, ಕೋಳಿ ಕಾಳು ಹೆಕ್ಕಿದಂತೆ ಅಕ್ಷರ ಹೆಕ್ಕುತ್ತಾರೆ. ಕೇಳಿದರೆ ‘ಕಂಪ್ಯೂಟರ್ ಕಲ್ತೀನ್ರಿ’ ಅನ್ನುತ್ತಾರೆ. ಕಲಿತದ್ದು ಏನು ಮಣ್ಣು! ಹನ್ನೊಂದನೆಯ ಅಂಗಡಿ ದ್ರಾಕ್ಷಾಯಿಣಿಯದು. ಅವಳಿಗೆ ಟೈಪಿಂಗ್ ಕಲಿಸಿದವನು ನಾನು, ಹುಚ್ಚೀರಪ್ಪ. ಮೂವತ್ತೊಂದು ವರ್ಷ ಇದೇ ಊರಿನಲ್ಲಿ ಟೈಪಿಂಗ್ ಶಾಲೆ ನಡೆಸಿದವನು. ಇದನ್ನು ಬಡಾಯಿ ಅಂದುಕೊಳ್ಳುವವರು ಅಂದುಕೊಳ್ಳಲಿ.

ಅವಳು ಯಲಬುರ್ಗಾ ಕಡೆಯ ಎರೆಮಣ್ಣಿನ ಸೀಮೆಯವಳು. ತಂದೆ ಮುದಿಯಪ್ಪ ಕಂಡವರ ಹೊಲದಲ್ಲಿ ಕೂಲಿ ಮಾಡುತ್ತಿದ್ದ. ಪಿಯುಸಿ ಮುಗಿಸಿದ ಮಗಳನ್ನು ಒಂದು ದಿನ ಬಸ್ಸಿನಲ್ಲಿ ಕರೆತಂದು ನನ್ನ ಮುಂದೆ ನಿಲ್ಲಿಸಿದ. “ಇಕಿ ಕೈಯಾಗ ಕುಡಗೋಲು ಕೊಡಾಕ ಮನಸಿಲ್ರಿ ಮಾಸ್ತರ. ನಿಮ್ಮ ಮಿಷಿನ್ ಕಲಿಸ್ರಿ” ಅಂದ. ಎರಡು ವರ್ಷ ಅವಳು ಬೆಳಗಿನ ಮೊದಲ ಬಸ್ಸಿಗೆ ಬಂದಳು. ಜೂನಿಯರ್, ಸೀನಿಯರ್ ಪರೀಕ್ಷೆ ಎರಡನ್ನೂ ಒಂದೊಂದೇ ಸಲಕ್ಕೆ ಪಾಸು ಮಾಡಿದಳು. ಪೇಟೆಯ ವ್ಯಾಪಾರಸ್ಥರ ಮಕ್ಕಳು ಮೂರು ಮೂರು ಸಲ ಕೂತು ಫೇಲಾಗುತ್ತಿದ್ದ ಕಾಲವದು.

ನನ್ನ ಪಾಠದ ಪದ್ಧತಿಯೇ ಬೇರೆ. ನಾಲ್ಕು ಹಾಳೆ, ನಡುವೆ ಮೂರು ಕಾರ್ಬನ್. ಮೇಲಿನ ಪ್ರತಿಯನ್ನು ನಾನು ನೋಡುತ್ತಲೇ ಇರಲಿಲ್ಲ. ತಳದ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಓದುತ್ತಿದ್ದೆ. ಒಂದು ಒತ್ತಕ್ಷರ ಮಸುಕಾಗಿದ್ದರೂ ಹರಿದು ಬಿಸಾಡುತ್ತಿದ್ದೆ. ಮೊದಲ ಪ್ರತಿ ಸಾಹೇಬರಿಗೆ ಹೋಗುತ್ತದೆ, ಎರಡನೆಯದು ವಕೀಲರಿಗೆ, ಮೂರನೆಯದು ಕಡತಕ್ಕೆ. ಅರ್ಜಿ ಬರೆಸಿದ ಬಡವನ ಕೈಗೆ ಬರುವುದು ನಾಲ್ಕನೆಯದು. ಅದನ್ನೂ ಓದಲು ಬರಬೇಕಲ್ಲ? “ಹೊಡಿಯವಾ, ಬಿರುಸಾಗಿ ಹೊಡಿ. ನಿನ್ನ ಬಳ್ಳು ನಾಕನೇ ಹಾಳಿಗೆ ಮುಟ್ಟಬೇಕು” ಅನ್ನುತ್ತಿದ್ದೆ. ಅವಳ ಹತ್ತೂ ಬೆರಳು ಹಾಗೇ ಹೊಡೆದವು. ಅವಳ ನಾಲ್ಕನೇ ಪ್ರತಿಯನ್ನು ಬೇರೆಯವರ ಮೊದಲನೆಯದರ ಪಕ್ಕದಲ್ಲಿ ಇಟ್ಟು ತೋರಿಸುತ್ತಿದ್ದೆ.

ಮದುವೆಯಾಗಿ ಕೊಪ್ಪಳಕ್ಕೇ ಬಂದಳು. ಗಂಡ ಶರಣಬಸವ ಕುಡಿಯಲಿಲ್ಲ, ಬಡಿಯಲಿಲ್ಲ, ದುಡಿಯಲೂ ಇಲ್ಲ. ಚಹಾದಂಗಡಿಯ ಬೆಂಚಿನ ಮೇಲೆ ಕೂತು ದೇಶದ ಚಿಂತೆ ಮಾಡುವುದೇ ಅವನ ಕಸುಬು. ಮನೆ ನಡೆದದ್ದು, ಇಬ್ಬರು ಹೆಣ್ಣುಮಕ್ಕಳು ಓದಿದ್ದು ಇವಳ ಹತ್ತು ಬೆರಳಿನಿಂದ. ಟೈಪ್‌ರೈಟರ್ ಹೋಗಿ ಕಂಪ್ಯೂಟರ್ ಬಂದಾಗ ಇವಳು ವಾರದಲ್ಲಿ ಹೊಂದಿಕೊಂಡಳು. ನಾನು ಹೊಂದಿಕೊಳ್ಳಲಿಲ್ಲ. ನನ್ನ ಮಿಷಿನ್ನುಗಳೆಲ್ಲ ಗುಜರಿಗೆ ಹೋದವು. ಅಂದಿನಿಂದ ದಿನಾ ಹನ್ನೊಂದಕ್ಕೆ ಇವಳ ಅಂಗಡಿಗೆ ಬಂದು, ಇವಳ ಹಿಂದೆ ಒಂದು ಕುರ್ಚಿ ಹಾಕಿಕೊಂಡು, ಊಟದ ಹೊತ್ತಿನವರೆಗೆ ಕೂತಿರುತ್ತೇನೆ. ಸರಿಯಾದ ಟೈಪಿಂಗಿನ ಸಪ್ಪಳ ಕೇಳಲು ಈ ಊರಿನಲ್ಲಿ ಬೇರೆ ಜಾಗವಿಲ್ಲ.

ಹೋದ ವರ್ಷ ಅವಳ ಬಲಗೈ ಜೋಮು ಹಿಡಿಯತೊಡಗಿತು. ಚಹಾದ ಕಪ್ಪು ಕೈಯಿಂದ ಜಾರುತ್ತಿತ್ತು, ರೊಟ್ಟಿ ಬಡಿಯಲು ಆಗುತ್ತಿರಲಿಲ್ಲ. ಡಾಕ್ಟರರು ನೋಡಿ, “ಮುಂಗೈ ನರ ಒತ್ತಿಕೊಂಡೈತಿ. ಹಿಂಗ ನಡದ್ರ ಬಳ್ಳು ಕೆಲಸಕ್ಕ ಬರಂಗಿಲ್ಲ. ಕೈ ಎತ್ತದಂಗ, ಹಗೂರ ಒತ್ತಿದ್ರ ಸಾಕು ಅನ್ನುವಂಥ ಕೀಬೋರ್ಡ್ ನೋಡ್ರಿ. ಆರು ತಿಂಗಳದಾಗ ಕಡಿಮಿ ಆಗಲಿಲ್ಲಂದ್ರ ಕೆಲಸಾನ ಬಿಡಬೇಕಾಗ್ತೈತಿ” ಅಂದರಂತೆ. ಕೆಲಸ ಬಿಟ್ಟರೆ ಶರಣಬಸವನ ದೇಶಚಿಂತೆ ಅನ್ನ ಹಾಕುತ್ತದೆಯೇ?

ಅವಳು ಇದನ್ನು ಹೇಳಿದಾಗ ನಾನು, “ಕುಣಿಯಲಾರದಾಕಿಗೆ ನೆಲ ಡೊಂಕು” ಎಂದು ಮುಖಕ್ಕೇ ಅಂದೆ. ಅವಳು ನಕ್ಕು, “ನೀವೂ ಬರ್ರಿ ಸರ್, ಆರಿಸಾಕ” ಅಂದಳು.

ಗಂಗಾವತಿಯಲ್ಲಿ ಯಂಕೋಬ ಎಂಬವನ ಕಂಪ್ಯೂಟರ್ ಅಂಗಡಿಗೆ ಹೋದೆವು. ಅವನು ಮೊದಲು ತಂದಿಟ್ಟ ಕೀಬೋರ್ಡಿನಲ್ಲಿ ಕೆಂಪು, ಹಸಿರು, ನೀಲಿ ದೀಪಗಳು ಓಡುತ್ತಿದ್ದವು. “ಇದು ಏನು ಕೀಬೋರ್ಡೋ, ಮದುವಿ ಹಂದರೋ?” ಎಂದೆ. “ಗೇಮ್ ಆಡೋರು ಭಾಳ ಒಯ್ತಾರ್ರಿ” ಅಂದ. ನೀನು ನಿಮಿಷಕ್ಕೆ ಎಷ್ಟು ಶಬ್ದ ಹೊಡೆಯುತ್ತೀ ಎಂದು ಕೇಳಿದ್ದಕ್ಕೆ ಪಿಳಿಪಿಳಿ ನೋಡಿದ. ಟೈಪಿಂಗ್ ಬಾರದವನು ಕೀಬೋರ್ಡ್ ಮಾರುತ್ತಾನೆ. ಅದರ ಕೀಲಿಗಳು ಒಂದಂಗುಲ ಎತ್ತರ ಇದ್ದವು. ದ್ರಾಕ್ಷಾಯಿಣಿ ಕೈ ಇಟ್ಟು ನೋಡಿ, “ಮುಂಗೈ ಮ್ಯಾಲೆತ್ತಬೇಕಾಗ್ತೈತಿ, ಬ್ಯಾಡ” ಅಂದಳು. ಮಾಮೂಲಿ ಕೀಬೋರ್ಡ್ ಅವಳ ಅಂಗಡಿಯಲ್ಲೇ ಇತ್ತು. ಅದರ ಕೀಲಿಗಳ ಕೆಳಗೆ ಒಂದೇ ರಬ್ಬರ್ ಹಾಳೆ, ತಳ ಮುಟ್ಟಿಸಿ ಒತ್ತದೆ ಅಕ್ಷರ ಬೀಳುವುದಿಲ್ಲ.

ಕೊನೆಗೆ ಯಂಕೋಬ ಲೋ ಪ್ರೊಫೈಲ್ ಮೆಕ್ಯಾನಿಕಲ್ ಅನ್ನುವಂಥದ್ದನ್ನು ತಂದ. ಪ್ರತಿ ಕೀಲಿಗೂ ಬೇರೆ ಬೇರೆ ಸ್ವಿಚ್ಚು, ಒಳಗೆ ಸಣ್ಣ ಸ್ಪ್ರಿಂಗು. ಆದರೆ ಒಟ್ಟು ಎತ್ತರ ಕಡಿಮೆ, ಅಂಗೈ ಟೇಬಲ್ಲಿನ ಮೇಲೆಯೇ ಇರುತ್ತದೆ. ಅದರಲ್ಲೂ ಮೂರು ತರಹ. ಅವಳು ಕಣ್ಣು ಮುಚ್ಚಿ ಮೂರರ ಮೇಲೂ ಕ್ರಯಪತ್ರದ ಚಕ್ಕುಬಂದಿ ಟೈಪ್ ಮಾಡಿದಳು: ಪೂರ್ವಕ್ಕೆ ಹಳ್ಳ, ಪಶ್ಚಿಮಕ್ಕೆ ಬಂಡಿದಾರಿ, ಉತ್ತರಕ್ಕೆ ಫಕೀರಮ್ಮನ ಹೊಲ. ನೀಲಿ ಸ್ವಿಚ್ಚಿನದು ಚಟಪಟ ಅನ್ನುತ್ತಿತ್ತು. ಅರ್ಜಿ ಬರೆಸುವ ಮಂದಿ ಹೇಳಿದ್ದು ಕೇಳಿಸುವುದಿಲ್ಲ ಎಂದು ಬಿಟ್ಟಳು. ಕೆಂಪಿನದು ಎಷ್ಟು ಹಗುರವೆಂದರೆ ಬೆರಳಿಟ್ಟರೇ ಬೇಡದ ಅಕ್ಷರ ಬೀಳುತ್ತಿತ್ತು. ಕಂದು ಸ್ವಿಚ್ಚಿನದರಲ್ಲಿ ಅರ್ಧ ದಾರಿಯಲ್ಲಿ ಒಂದು ಸಣ್ಣ ತಡೆ ಸಿಗುತ್ತದೆ, ಸಪ್ಪಳ ಕಡಿಮೆ. ಅದನ್ನೇ ಆರಿಸಿದಳು. ಸರ್ವೆ ನಂಬರ್ ಹೊಡೆಯಲು ಬಲಗಡೆ ಅಂಕಿಗಳ ಬೇರೆ ಕೀಲಿಗಳು ಇದ್ದದ್ದೇ ಬೇಕು ಎಂದು ಪಟ್ಟು ಹಿಡಿದಳು. “ಹಪ್ಪಳದಷ್ಟು ದಪ್ಪ ಇಲ್ಲ. ಇದರ ಮ್ಯಾಲೆ ಏನು ಟೈಪ್ ಮಾಡ್ತೀ, ಸಂಡಿಗಿ ಒಣಗಸು” ಎಂದು ನಾನು ದಾರಿಯುದ್ದಕ್ಕೂ ಹಂಗಿಸಿದೆ. ಬಸ್ಸಿನಲ್ಲಿ ಅವಳು ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಳು.

ಮೂರು ವಾರವಾಯಿತು, ನೋವು ಕಡಿಮೆಯಾಗಲಿಲ್ಲ. ಹೆಚ್ಚೇ ಆಯಿತು. ನನಗೆ ಒಳಗೊಳಗೇ ಖುಷಿ. ಸುಳ್ಳು ಯಾಕೆ ಹೇಳಲಿ? ನನ್ನ ವಿದ್ಯಾರ್ಥಿನಿಯ ಕೈ ಹಾಳಾಗುತ್ತಿದ್ದರೂ ನನ್ನ ಮಾತು ಗೆದ್ದಿತಲ್ಲ ಎಂಬ ಖುಷಿ. “ನಾ ಹೇಳಲಿಲ್ಲೇನು?” ಎಂದು ದಿನಾ ಕೇಳಿದೆ. ಆಮೇಲೆ ನನ್ನ ಮಗಳು ನೇತ್ರಾವತಿ ಕರೆದಳೆಂದು ಕುಷ್ಟಗಿಗೆ ಹೋಗಿ ಹತ್ತು ದಿನ ಇದ್ದು ಬಂದೆ.

ಬಂದ ದಿನ ಅಂಗಡಿಯ ಬಾಗಿಲಲ್ಲಿ ನಿಂತಾಗ ಒಳಗೆ ಟೈಪಿಂಗಿನ ಸಪ್ಪಳವೇ ಇರಲಿಲ್ಲ. ಕರೆಂಟು ಹೋಗಿದೆ ಅಂದುಕೊಂಡೆ. ನೋಡಿದರೆ ಅವಳು ಟೈಪ್ ಮಾಡುತ್ತಿದ್ದಳು. ಪಕ್ಕದಲ್ಲಿ ಹೊಳಿಯಮ್ಮ ಎಂಬ ಮುದುಕಿ ಕೂತು, ಗಂಡ ಸತ್ತ ಮೇಲೆ ಹೊಲ ತನ್ನ ಹೆಸರಿಗೆ ಆಗಬೇಕೆಂದು ಅರ್ಜಿ ಬರೆಸುತ್ತಿದ್ದಳು. ಪರದೆಯ ಮೇಲೆ ಸಾಲುಗಳು ಓಡುತ್ತಿದ್ದವು. ನನ್ನನ್ನು ಕಂಡು “ಬರ್ರಿ ಸರ್” ಅಂದಳು. ನಾನು ಅವಳ ಹಿಂದೆ ಕುರ್ಚಿಯಲ್ಲಿ ಕೂತೆ. ಎರಡು ಸಾಲು ಸರಿಯಿತ್ತು. ಮೂರನೆಯದಕ್ಕೆ ಟೇಬಲ್ಲು ಅಲುಗಾಡತೊಡಗಿತು. ಟಕಟಕ ಸಪ್ಪಳ, ಹಳೆಯ ಮಿಷಿನ್ನಿನಂತೆಯೇ. ಅವಳು ನಿಲ್ಲಿಸಿ, ಬಲಗೈ ಹಿಡಿದುಕೊಂಡು ಹಲ್ಲು ಕಚ್ಚಿದಳು. ಹೇಗೋ ಮುಗಿಸಿ ಪ್ರಿಂಟರಿನಿಂದ ನಾಲ್ಕು ಪ್ರತಿ ತೆಗೆದಳು. ನಾಲ್ಕನೆಯದನ್ನು ಹೊಳಿಯಮ್ಮನ ಕೈಗಿಟ್ಟಳು. ಅದು ಮೊದಲನೆಯದರಷ್ಟೇ ಕಪ್ಪಗಿತ್ತು.

ಮುದುಕಿ ಹೋದ ಮೇಲೆ ಚಹಾ ತರಿಸಿದಳು. ಆಮೇಲೆ, “ಇಲ್ಲಿ ನೋಡ್ರಿ ಸರ್” ಎಂದು ಒಂದು ಕೀಲಿಯನ್ನು ಬಹಳ ನಿಧಾನವಾಗಿ ಒತ್ತಿದಳು. ಅರ್ಧಕ್ಕೇ ಪರದೆಯ ಮೇಲೆ ಅಕ್ಷರ ಮೂಡಿತು. “ಅಕ್ಷರ ಇಲ್ಲೇ ಬಿತ್ರಿ. ಆಮ್ಯಾಲೆ ನಾ ಹೊಡಿಯೋದೆಲ್ಲ ಬರೇ ಟೇಬಲ್ಲಿಗಿ. ಕಾರ್ಬನ್ ಹೋಗಿ ಇಪ್ಪತ್ತು ವರ್ಷ ಆತು, ನನ್ನ ಕೈಗಿ ಅದು ತಿಳಿದಿಲ್ಲ.”

“ಹಂಗಾದ್ರ ಹಗೂರ ಒತ್ತು. ಯಾರು ಬ್ಯಾಡಂದ್ರು?”

“ಒತ್ತತೀನ್ರಿ. ನೀವು ಕುಷ್ಟಗಿಗಿ ಹೋದ ಹತ್ತು ದಿನ ಒತ್ತಿದೆ. ಕೈ ನೋಯಲಿಲ್ಲ, ರೊಟ್ಟಿನೂ ಬಡದೆ.” ತಲೆ ತಗ್ಗಿಸಿದಳು. “ಸಿಟ್ಟಾಗಬ್ಯಾಡ್ರಿ ಸರ್. ನೀವು ಹಿಂದ ಕುಂತ್ರ ಬಳ್ಳು ತಾವ ಹೊಡ್ಯಾಕ ಹತ್ತತಾವು. ನಾ ಬ್ಯಾಡಂದ್ರೂ ಕೇಳಂಗಿಲ್ಲ. ಮನಿಗಿ ಬರ್ರಿ, ಊಟಕ್ಕ ಬರ್ರಿ. ಅಂಗಡಿಗಿ ಮಾತ್ರ ಬರಬ್ಯಾಡ್ರಿ.”

ಮೂವತ್ತೊಂದು ವರ್ಷದಲ್ಲಿ ಎಷ್ಟು ಮಕ್ಕಳ ಕೈಗೆ ಈ ಏಟು ಕಲಿಸಿದ್ದೇನೋ. ಕುಷ್ಟಗಿ, ಗಂಗಾವತಿ, ಯಲಬುರ್ಗಾದ ಯಾವ ಯಾವ ಕಚೇರಿಯಲ್ಲಿ ಅವರು ಕೂತು ಟೇಬಲ್ಲು ಗುದ್ದುತ್ತಿದ್ದಾರೋ. ಎರಡು ಬೆರಳಿನ ಆ ದಡ್ಡರ ಕೈ ಒಂದೂ ನೋಯುವುದಿಲ್ಲ. ನನಗೆ ನಾಚಿಕೆಯಾಯಿತು. “ಆಗಲವಾ” ಎಂದು ಎದ್ದೆ.

ಹೊರಗೆ ಬಂದವನು ಅವಳಿಗೆ ಕಾಣದ ಹಾಗೆ ಗೋಡೆಯ ಮಗ್ಗುಲಿಗೆ ನಿಂತೆ. ಒಳಗೆ ಟಕಟಕ ಶುರುವಾಯಿತು. ಸ್ವಲ್ಪ ಹೊತ್ತು ಹಾಗೇ ಇತ್ತು, ಆಮೇಲೆ ಸಣ್ಣದಾಗುತ್ತ ಬಂತು. ಕಿವಿಗೊಟ್ಟು ಕೇಳಿದರೂ ಏನೂ ಕೇಳಿಸದಿದ್ದಾಗ, ಅವಳು ಟೈಪ್ ಮಾಡುತ್ತಿದ್ದಾಳೆ ಎಂದು ಖಾತ್ರಿಯಾಗಿ, ಮನೆಯ ಕಡೆ ನಡೆದೆ.